ಆದಾಯ ಸೊನ್ನೆ, ಆದರೂ ರಿಟರ್ನ್ ಯಾಕೆ?

"ಇನ್ನೂ ಒಂದು ಬಿಲ್ಲೂ ಹರಿದಿಲ್ಲ, ರಿಟರ್ನ್ ಯಾತಕ್ಕೆ?"

ಹೊಸದಾಗಿ ವ್ಯವಹಾರ ಶುರುಮಾಡಿದವರ ಬಾಯಲ್ಲಿ ನಾನು ಜಾಸ್ತಿ ಕೇಳುವ ಮಾತು ಇದು. ಸಣ್ಣ ವ್ಯವಹಾರಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಕೇಳುವವರದ್ದು ದಡ್ಡ ಪ್ರಶ್ನೆ ಅಂತ ನನಗೆ ಒಮ್ಮೆಯೂ ಅನಿಸಿಲ್ಲ. ತೆರಿಗೆ ಇರುವುದು ಆದಾಯದ ಮೇಲೆ. ಆದಾಯವೇ ಇಲ್ಲ ಅಂದಮೇಲೆ ತೆರಿಗೆಯೂ ಇಲ್ಲ. ಅಲ್ಲಿಯವರೆಗೆ ಸರಿ. ಆದರೆ ತೆರಿಗೆ ಕಟ್ಟುವುದು ಬೇರೆ, ರಿಟರ್ನ್ (ಇಲಾಖೆಗೆ ಕೊಡುವ ಲೆಕ್ಕದ ವಿವರ) ಹಾಕುವುದು ಬೇರೆ. ಕಟ್ಟುವುದು ನೀವು ದುಡಿದ ಹಣಕ್ಕೆ. ಹಾಕುವುದು ನೀವು ಪಡೆದುಕೊಂಡ ನಂಬರಿಗೆ.

ನಂಬರ್ ಅಂದರೆ ಪ್ಯಾನ್, ಜಿಎಸ್‌ಟಿ ನಂಬರ್, ಟ್ಯಾನ್ (ಬೇರೆಯವರಿಗೆ ಕೊಡುವ ಹಣದಲ್ಲಿ ತೆರಿಗೆ ಹಿಡಿಯುವವರು ಪಡೆಯುವ ನಂಬರ್), ಕಂಪನಿಯಾದರೆ ಅದರ ನೋಂದಣಿ ಸಂಖ್ಯೆ. ಒಂದೊಂದು ನಂಬರಿನ ಹಿಂದೆ ಒಂದೊಂದು ಇಲಾಖೆ, ಒಂದೊಂದು ಕಾಯ್ದೆ, ಬೇರೆ ಬೇರೆ ಗಡುವು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪುವುದಿಲ್ಲ. ಹಾಗಾಗಿ "ನಾನು ಏನೇನು ಹಾಕಬೇಕು?" ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು ವಹಿವಾಟು ಎಷ್ಟು ಅಂತ ಅಲ್ಲ, ಯಾವ್ಯಾವ ನಂಬರ್ ತೆಗೆದುಕೊಂಡಿದ್ದೀರಿ ಅಂತ.

ಒಬ್ಬರೇ ನಡೆಸುವ ವ್ಯವಹಾರ

ಸ್ವಂತ ಹೆಸರಿನಲ್ಲಿ, ಸ್ವಂತ ಪ್ಯಾನಿನಲ್ಲಿ ನಡೆಸುವ ವ್ಯವಹಾರ ಇದು. ಪ್ರೊಪ್ರೈಟರ್‌ಶಿಪ್ ಅಂತಾರೆ. ಆದಾಯ ತೆರಿಗೆ ಕಾಯ್ದೆಯ ಕಣ್ಣಿಗೆ ಇಲ್ಲಿ ಅಂಗಡಿ ಬೇರೆ, ನೀವು ಬೇರೆ ಅಲ್ಲ. ನಿಮ್ಮ ಒಟ್ಟು ಆದಾಯ ಮೂಲ ವಿನಾಯಿತಿ ಮಿತಿಯನ್ನು ದಾಟಿದರೆ ರಿಟರ್ನ್ ಕಡ್ಡಾಯ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರಿಂದ ಈ ಮಿತಿ 4 ಲಕ್ಷ ರೂಪಾಯಿ. ಇಲ್ಲಿ ತುಂಬಾ ಜನ ಎಡವುತ್ತಾರೆ. 12 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಕೇಳಿ, ಅಲ್ಲಿಯವರೆಗೆ ರಿಟರ್ನೂ ಬೇಡ ಅಂದುಕೊಳ್ಳುತ್ತಾರೆ. 12 ಲಕ್ಷದ ಮಾತು ರಿಬೇಟಿನದು, ಅಂದರೆ ಲೆಕ್ಕ ಹಾಕಿದ ತೆರಿಗೆಯನ್ನು ಬಿಟ್ಟುಕೊಡುವುದು. ರಿಟರ್ನಿನ ಲೆಕ್ಕ 4 ಲಕ್ಷಕ್ಕೇ ಶುರುವಾಗುತ್ತದೆ.

ಆದಾಯ ಕಡಿಮೆ ಇದ್ದರೂ ರಿಟರ್ನ್ ಹಾಕಲೇಬೇಕಾದ ಕೆಲವು ಸಂದರ್ಭಗಳಿವೆ. ಕರೆಂಟ್ ಅಕೌಂಟಿಗೆ ವರ್ಷದಲ್ಲಿ 1 ಕೋಟಿಗಿಂತ ಜಾಸ್ತಿ ಜಮಾ ಮಾಡಿದ್ದರೆ, ವಿದೇಶ ಪ್ರಯಾಣಕ್ಕೆ 2 ಲಕ್ಷ ದಾಟಿ ಖರ್ಚಾಗಿದ್ದರೆ, ವರ್ಷದ ಕರೆಂಟ್ ಬಿಲ್ 1 ಲಕ್ಷ ಮೀರಿದ್ದರೆ, ಟಿಡಿಎಸ್ (ನಿಮಗೆ ಹಣ ಕೊಡುವವರು ಮೊದಲೇ ಹಿಡಿದ ತೆರಿಗೆ) ಮತ್ತು ಟಿಸಿಎಸ್ (ಮಾರುವವರು ನಿಮ್ಮಿಂದ ವಸೂಲಿ ಮಾಡಿದ ತೆರಿಗೆ) ಸೇರಿ 25 ಸಾವಿರ ಮುಟ್ಟಿದ್ದರೆ ಹಾಕಬೇಕು. ಹಿರಿಯ ನಾಗರಿಕರಿಗೆ ಕೊನೆಯದು 50 ಸಾವಿರ.

ಇಂಥ ಯಾವ ಸಂದರ್ಭವೂ ಅನ್ವಯಿಸದಿದ್ದರೆ ಕಾನೂನಿನ ಒತ್ತಾಯ ಇಲ್ಲ. ಕೆಲಸದಲ್ಲಿ ಇದ್ದುಕೊಂಡೇ ಪಕ್ಕದಲ್ಲಿ ವ್ಯವಹಾರ ಶುರುಮಾಡಿದವರು ಮಾತ್ರ ಒಂದು ವಿಷಯ ಗಮನಿಸಬೇಕು. ಸಂಬಳಕ್ಕೆ ಅಂತ ಪ್ರತಿವರ್ಷ ಹಾಕುತ್ತಿದ್ದ ಐಟಿಆರ್-1 ಫಾರಂ ಇನ್ನು ನಡೆಯುವುದಿಲ್ಲ. ವ್ಯವಹಾರದಲ್ಲಿ ನಷ್ಟ ತೋರಿಸಬೇಕು ಅಂದರೆ ಐಟಿಆರ್-3 ಬೇಕು. ಆ ನಷ್ಟವನ್ನು ಸಂಬಳದಿಂದ ಕಳೆಯಲು ಬರುವುದಿಲ್ಲ. ಮುಂದಿನ ವರ್ಷಗಳ ವ್ಯವಹಾರದ ಲಾಭಕ್ಕೆ ಅಂತ ಎತ್ತಿಟ್ಟುಕೊಳ್ಳಬಹುದು ಅಷ್ಟೇ.

ಕಂಪನಿ, ಎಲ್‌ಎಲ್‌ಪಿ, ಪಾಲುದಾರಿಕೆ

ಇಲ್ಲಿ ಕಥೆ ಪೂರ್ತಿ ಬೇರೆ. ಕಂಪನಿ ಇರಲಿ, ಎಲ್‌ಎಲ್‌ಪಿ (ಪಾಲುದಾರರ ಹೊಣೆ ಸೀಮಿತವಾಗಿರುವ ಪಾಲುದಾರಿಕೆ) ಇರಲಿ, ಮಾಮೂಲಿ ಪಾಲುದಾರಿಕೆ ಸಂಸ್ಥೆ ಇರಲಿ, ಲಾಭವಾಗಲಿ ನಷ್ಟವಾಗಲಿ ಏನೂ ಆಗದೇ ಇರಲಿ, ಪ್ರತಿವರ್ಷ ಆದಾಯ ತೆರಿಗೆ ರಿಟರ್ನ್ ಹಾಕಲೇಬೇಕು. 1961ರ ಕಾಯ್ದೆಯಲ್ಲಿ ಇದು ಹೀಗೇ ಇತ್ತು. 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಹೊಸ ಕಾಯ್ದೆಯಲ್ಲೂ ಸೆಕ್ಷನ್ ನಂಬರ್ ಬದಲಾಯಿತೇ ಹೊರತು ಈ ನಿಯಮ ಬದಲಾಗಲಿಲ್ಲ. ಕಂಪನಿಗೆ ಗಡುವು ಅಕ್ಟೋಬರ್ 31.

ಒಂದು ಉದಾಹರಣೆ ನೋಡೋಣ. ಅಣ್ಣ ತಂಗಿ ಇಬ್ಬರು ಸೇರಿ 2026ರ ಫೆಬ್ರುವರಿಯಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ನೋಂದಾಯಿಸಿದರು ಅಂದುಕೊಳ್ಳಿ. ಮಾರ್ಚ್ 31ರ ಹೊತ್ತಿಗೆ ಆಗಿರುವುದು ಇಷ್ಟೇ: ಬ್ಯಾಂಕ್ ಖಾತೆ ತೆರೆದಿದ್ದಾರೆ, ಬಂಡವಾಳ ಹಾಕಿದ್ದಾರೆ. ಅವರಿಗೆ ಪರಿಚಯದವರು ಯಾರೋ ಹೇಳುತ್ತಾರೆ: "ಜನವರಿ 1ರ ನಂತರ ಹುಟ್ಟಿದ ಕಂಪನಿಗೆ ಮೊದಲ ಹಣಕಾಸು ವರ್ಷ ಮುಂದಿನ ವರ್ಷದ ಮಾರ್ಚಿಗೆ ಮುಗಿಯೋದು, ಈ ವರ್ಷ ಏನೂ ಬೇಡ." ಮಾತು ಸುಳ್ಳಲ್ಲ. ಆದರೆ ಅದು ಕಂಪನಿ ಕಾಯ್ದೆಯ ಲೆಕ್ಕ. ಅವರ ಮೊದಲ ಬ್ಯಾಲೆನ್ಸ್ ಶೀಟ್ 2027ರ ಮಾರ್ಚ್ 31ಕ್ಕೆ ಮಾಡಿದರೆ ಸಾಕು. ಆದಾಯ ತೆರಿಗೆಗೆ ಈ ರಿಯಾಯಿತಿ ಇಲ್ಲ. ಅಲ್ಲಿ ವರ್ಷ ಅಂದರೆ ಮಾರ್ಚ್ 31ಕ್ಕೆ ಮುಗಿಯುವುದೇ ವರ್ಷ. ಒಂದೂವರೆ ತಿಂಗಳ ಆ ತುಂಡು ಅವಧಿಗೂ 2026ರ ಅಕ್ಟೋಬರ್ 31ರೊಳಗೆ ಐಟಿಆರ್-6 ಹೋಗಬೇಕು. ಅದಕ್ಕೆ ನಿರ್ದೇಶಕರ ಡಿಜಿಟಲ್ ಸಹಿ ಬೇಕು. ಒಟಿಪಿಯಲ್ಲಿ ಮುಗಿಯುವ ಕೆಲಸ ಅಲ್ಲ.

ಇನ್ನೊಂದು ವಿಷಯ. ಅವರು ಬಂಡವಾಳವನ್ನು ಸುಮ್ನೆ ಖಾತೆಯಲ್ಲಿ ಯಾಕೆ ಇಡಬೇಕು ಅಂತ ಎಫ್‌ಡಿ ಮಾಡಿದರು ಅನ್ನಿ. ಬಡ್ಡಿ ಬಂತು. ಈಗ ಅವರ ಆದಾಯ ಸೊನ್ನೆ ಅಲ್ಲ. ನಮಗೆ ನಿಮಗೆ ಇರುವ ಹಾಗೆ ಕಂಪನಿಗೆ ಮೂಲ ವಿನಾಯಿತಿ ಮಿತಿ ಇಲ್ಲ. ಮೊದಲ ರೂಪಾಯಿಯಿಂದಲೇ ತೆರಿಗೆ. "ನಮ್ಮದು ನಿಲ್ ರಿಟರ್ನ್, ಎಲ್ಲ ಸೊನ್ನೆ" ಅಂತ ಬಂದವರ ಬ್ಯಾಂಕ್ ಸ್ಟೇಟ್‌ಮೆಂಟನ್ನು ನಾನು ಮೊದಲ ಪುಟದಿಂದ ಕೊನೆಯವರೆಗೆ ನೋಡುವುದು ಇದಕ್ಕೇ. ಎಲ್ಲೋ ಮಧ್ಯದಲ್ಲಿ ಬಡ್ಡಿಯ ಒಂದು ಸಾಲು ಕೂತಿರುತ್ತದೆ.

ತಡವಾದರೆ ಲೇಟ್ ಫೀ ಇದೆ. ಒಟ್ಟು ಆದಾಯ 5 ಲಕ್ಷದೊಳಗಿದ್ದರೆ 1,000, ಮೀರಿದರೆ 5,000. ದೊಡ್ಡ ಮೊತ್ತ ಅಲ್ಲ ಅನಿಸಬಹುದು. ನಿಜವಾದ ಪೆಟ್ಟು ಬೇರೆ ಕಡೆ ಬೀಳುತ್ತದೆ.

ಬರೆದಿಟ್ಟ ನಷ್ಟವೂ ಆಸ್ತಿ

ಆದಾಯ ಇಲ್ಲದ ವರ್ಷದಲ್ಲಿ ಖರ್ಚು ಇದ್ದೇ ಇರುತ್ತದೆ. ಬಾಡಿಗೆ, ಇಂಟರ್ನೆಟ್, ಒಬ್ಬ ಹುಡುಗನ ಸಂಬಳ, ಆಡಿಟರ್ ಫೀ. ಇದೆಲ್ಲ ವ್ಯವಹಾರದ ನಷ್ಟ. ಈ ನಷ್ಟವನ್ನು ಮುಂದಿನ 8 ವರ್ಷಗಳ ವ್ಯವಹಾರದ ಲಾಭದಿಂದ ಕಳೆದುಕೊಳ್ಳಬಹುದು. ಮುಖ್ಯ ಷರತ್ತು: ಆ ವರ್ಷದ ರಿಟರ್ನ್ ಗಡುವಿನೊಳಗೆ ಹೋಗಿರಬೇಕು. ಒಂದು ದಿನ ತಡವಾದರೂ ಈ ಹಕ್ಕು ಹೋಯಿತು. ಡಿಸೆಂಬರ್ 31ರವರೆಗೆ ಲೇಟಾಗಿ ಹಾಕಲು ಅವಕಾಶ ಇದೆ, ಆದರೆ ಹಾಗೆ ಹಾಕಿದ ರಿಟರ್ನಿನಲ್ಲಿ ವ್ಯವಹಾರದ ನಷ್ಟ ಮುಂದಕ್ಕೆ ಹೋಗುವುದಿಲ್ಲ. ಸವಕಳಿ, ಅಂದರೆ ಡಿಪ್ರಿಸಿಯೇಷನ್ ಮಾತ್ರ ಇದಕ್ಕೆ ಹೊರತು. ಅದು ತಡವಾಗಿ ಹಾಕಿದರೂ ಉಳಿಯುತ್ತದೆ, ಅದಕ್ಕೆ 8 ವರ್ಷದ ಮಿತಿಯೂ ಇಲ್ಲ.

ಲೆಕ್ಕ ಹಾಕಿ ನೋಡಿ. ಮೊದಲ ವರ್ಷ 3,20,000 ಖರ್ಚಾಯಿತು, ಆದಾಯ ಸೊನ್ನೆ. ಮರುವರ್ಷ 5 ಲಕ್ಷ ಲಾಭ ಬಂತು. ಮೊದಲ ವರ್ಷದ ರಿಟರ್ನ್ ಸಮಯಕ್ಕೆ ಹೋಗಿದ್ದರೆ ಕಂಪನಿ ತೆರಿಗೆ ಕಟ್ಟುವುದು 1,80,000ದ ಮೇಲೆ. ಹೋಗಿರದಿದ್ದರೆ ಪೂರ್ತಿ 5 ಲಕ್ಷದ ಮೇಲೆ. ಸೆಸ್ ಸೇರಿ ವ್ಯತ್ಯಾಸ 80 ಸಾವಿರಕ್ಕೂ ಜಾಸ್ತಿ. ಸಾವಿರ ರೂಪಾಯಿ ಲೇಟ್ ಫೀಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಈ 80 ಸಾವಿರ ಹೋದಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ಆದರೆ ಎಲ್ಲ ಖರ್ಚೂ ನಷ್ಟದ ಲೆಕ್ಕಕ್ಕೆ ಸೇರುವುದಿಲ್ಲ. ಇದು ಸ್ವಲ್ಪ ಸೂಕ್ಷ್ಮ, ನಿಧಾನವಾಗಿ ಓದಿ. ವ್ಯವಹಾರ ಸಿದ್ಧವಾಗುವುದು ಬೇರೆ, ವ್ಯವಹಾರ ಶುರುವಾಗುವುದು ಬೇರೆ. 1954ರಲ್ಲಿ ಬಾಂಬೆ ಹೈಕೋರ್ಟ್ ಒಂದು ತೀರ್ಪಿನಲ್ಲಿ ಈ ಗೆರೆ ಎಳೆಯಿತು. ಇವತ್ತಿಗೂ ಆಡಿಟರುಗಳು ಆಶ್ರಯಿಸುವುದು ಅದನ್ನೇ. ಅಂಗಡಿಗೆ ರ‍್ಯಾಕ್ ಹಾಕಿಸಿ, ಮಾಲು ಜೋಡಿಸಿ, ಶಟರ್ ಎತ್ತಿ ಕೂತಿದ್ದೀರಿ. ಗಿರಾಕಿ ಬಂದಿಲ್ಲ. ಆದರೂ ವ್ಯವಹಾರ ಸಿದ್ಧವಾಗಿದೆ. ಆ ದಿನದಿಂದ ಆಗುವ ಬಾಡಿಗೆ, ಸಂಬಳ ಎಲ್ಲ ನಷ್ಟಕ್ಕೆ ಸೇರುತ್ತದೆ. ಇನ್ನೂ ಬಡಗಿ ಕೆಲಸ ನಡೆಯುತ್ತಿದೆ, ಮಾಲು ಬಂದಿಲ್ಲ ಅಂದರೆ ಸಿದ್ಧವಾಗಿಲ್ಲ. ಆಗಿನ ಖರ್ಚನ್ನು ಹಾಗೆಯೇ ನಷ್ಟ ಅಂತ ತೋರಿಸಲು ಬರುವುದಿಲ್ಲ. ಕಂಪನಿ ನೋಂದಣಿ ಫೀ, ಪ್ರಾಜೆಕ್ಟ್ ರಿಪೋರ್ಟ್, ಮಾರುಕಟ್ಟೆ ಸಮೀಕ್ಷೆಯಂಥ ಪ್ರಾಥಮಿಕ ಖರ್ಚುಗಳಿಗೆ ಮಾತ್ರ ಬೇರೆ ದಾರಿ ಇದೆ. ಒಂದು ಮಿತಿಯೊಳಗೆ ಅವನ್ನು 5 ಸಮಭಾಗ ಮಾಡಿ 5 ವರ್ಷ ಕಳೆಯಬಹುದು.

ಹಾಗಾಗಿ ನಿಮ್ಮ ವ್ಯವಹಾರ ಯಾವ ದಿನ ಸಿದ್ಧವಾಯಿತು ಅನ್ನುವುದಕ್ಕೆ ಒಂದು ಕಾಗದ ಇರಲಿ. ಮೊದಲ ಮಾಲಿನ ಬಿಲ್, ಬೋರ್ಡ್ ಹಾಕಿಸಿದ ರಸೀದಿ, ವೆಬ್‌ಸೈಟ್ ತೆರೆದ ದಿನದ ಇಮೇಲ್, ಮೊದಲ ಗಿರಾಕಿಗೆ ಕಳಿಸಿದ ಕೊಟೇಶನ್, ಯಾವುದಾದರೂ ಸರಿ. ನಾಲ್ಕು ವರ್ಷ ಆದಮೇಲೆ ಪ್ರಶ್ನೆ ಬಂದರೆ ನೆನಪು ಸಾಕಾಗುವುದಿಲ್ಲ.

ಜಿಎಸ್‌ಟಿ: ನಿಲ್ ಅಂದರೆ ನಿಜವಾಗಿ ನಿಲ್ಲಾ?

ಕರ್ನಾಟಕದಲ್ಲಿ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಸರಕು ಮಾರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಮೊದಲ ದಿನದಿಂದಲೇ ಬೇಕು. ಆದರೂ ತುಂಬಾ ಜನ ಮೊದಲೇ ನಂಬರ್ ತೆಗೆದುಕೊಳ್ಳುತ್ತಾರೆ. ಕರೆಂಟ್ ಅಕೌಂಟ್ ತೆರೆಯಲು ದಾಖಲೆ ಬೇಕು ಅಂತಲೇ ಜಿಎಸ್‌ಟಿ ಮಾಡಿಸಿದವರನ್ನು ನೋಡಿದ್ದೇನೆ. ಅದಷ್ಟೇ ಕಾರಣವಾದರೆ ಮೊದಲು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ) ಮಾಡಿಸಿ ಬ್ಯಾಂಕಿನಲ್ಲಿ ಕೇಳಿ ನೋಡಿ. ಅದು ಉಚಿತ, ಅದಕ್ಕೆ ತಿಂಗಳ ರಿಟರ್ನಿನ ಕಾಟವೂ ಇಲ್ಲ.

ಒಮ್ಮೆ ನಂಬರ್ ಬಂತು ಅಂದರೆ ಜಿಎಸ್‌ಟಿಆರ್-1 (ಮಾರಾಟದ ವಿವರ) ಮತ್ತು ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕದ ರಿಟರ್ನ್) ಎರಡೂ ಶುರು. ಮಾರಾಟ ಇರಲಿ ಇಲ್ಲದಿರಲಿ. ವಹಿವಾಟು 5 ಕೋಟಿಯೊಳಗಿದ್ದರೆ ತಿಂಗಳ ಬದಲು ಮೂರು ತಿಂಗಳಿಗೊಮ್ಮೆ ಹಾಕುವ ಆಯ್ಕೆ ಇದೆ. ಹೊಸಬರಿಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಿಲ್ 3ಬಿ ತಡವಾದರೆ ದಿನಕ್ಕೆ 20 ರೂಪಾಯಿ, ಒಂದು ರಿಟರ್ನಿಗೆ ಹೆಚ್ಚೆಂದರೆ 500. ಹಿಂದಿನದನ್ನು ಹಾಕದೆ ಮುಂದಿನದಕ್ಕೆ ಪೋರ್ಟಲ್ ಬಿಡುವುದಿಲ್ಲ. ಒಂದು ವರ್ಷ ಮರೆತು ಕೂತರೆ 12 ರಿಟರ್ನ್, 6,000 ರೂಪಾಯಿ. ತಿಂಗಳ ರಿಟರ್ನ್ ಸತತ 6 ತಿಂಗಳು ಬರದಿದ್ದರೆ ಅಧಿಕಾರಿ ನೋಂದಣಿಯನ್ನೇ ರದ್ದು ಮಾಡಬಹುದು. ಸ್ವಂತ ಇಚ್ಛೆಯಿಂದ ನೋಂದಾಯಿಸಿ 6 ತಿಂಗಳಾದರೂ ವ್ಯವಹಾರ ಶುರುಮಾಡದಿದ್ದರೂ ರದ್ದು ಮಾಡುವ ಅಧಿಕಾರ ಕಾಯ್ದೆಯಲ್ಲಿದೆ.

ನಿಲ್ ರಿಟರ್ನ್ ಹಾಕುವುದು ಈಗ ಕಷ್ಟದ ಕೆಲಸವೇ ಅಲ್ಲ. 2020ರಿಂದ ಎಸ್‌ಎಂಎಸ್‌ನಲ್ಲೇ ಆಗುತ್ತದೆ. ನೋಂದಾಯಿತ ಮೊಬೈಲಿನಿಂದ 14409ಕ್ಕೆ 'ನಿಲ್' ಅಂತ ಇಂಗ್ಲಿಷಿನಲ್ಲಿ ಬರೆದು, ರಿಟರ್ನಿನ ಹೆಸರು, ಜಿಎಸ್‌ಟಿ ನಂಬರ್, ತಿಂಗಳು ಸೇರಿಸಿ ಕಳಿಸಬೇಕು. ಆರು ಅಂಕಿಯ ಕೋಡ್ ಬರುತ್ತದೆ. ಅದನ್ನು ದೃಢೀಕರಿಸಿ ಮತ್ತೆ ಕಳಿಸಿದರೆ ಮುಗಿಯಿತು.

ಇಷ್ಟು ಸುಲಭ ಆಗಿರುವುದೇ ಒಂದು ಅಪಾಯ. "ಮಾರಾಟ ಇಲ್ಲ" ಅಂದ ತಕ್ಷಣ ನಿಲ್ ಅಂತ ಒತ್ತಿಬಿಡುತ್ತಾರೆ. ಆದರೆ ನಿಲ್ ಅಂದರೆ ಮಾರಾಟವೂ ಇಲ್ಲ, ಪಡೆಯಬೇಕಾದ ಕ್ರೆಡಿಟ್ಟೂ ಇಲ್ಲ, ರಿವರ್ಸ್ ಚಾರ್ಜಿನಲ್ಲಿ ಕಟ್ಟಬೇಕಾದ್ದೂ ಇಲ್ಲ ಅಂತ ಅರ್ಥ. ಮೂರೂ ಸೊನ್ನೆ ಆಗಿರಬೇಕು.

ಕ್ರೆಡಿಟ್ ನೋಡಿ. ನೋಂದಣಿ ಆದಮೇಲೆ ಕಂಪನಿಗೆ 60,000ದ ಲ್ಯಾಪ್‌ಟಾಪ್ ಕೊಂಡಿರಿ. ಮೇಲೆ 18% ಜಿಎಸ್‌ಟಿ, 10,800. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇದ್ದರೆ ಈ 10,800 ನಿಮ್ಮ ಕ್ರೆಡಿಟ್ ಖಾತೆಯಲ್ಲಿ ಕೂರುತ್ತದೆ. ಮುಂದೆ ಮಾರಾಟ ಶುರುವಾದಾಗ ಕಟ್ಟಬೇಕಾದ ತೆರಿಗೆಗೆ ಬಳಸಬಹುದು. ಆನ್‌ಲೈನಿನಲ್ಲಿ ಸ್ವಂತ ಅಕೌಂಟಿನಿಂದ ತರಿಸಿ, ಬಿಲ್ಲಿನಲ್ಲಿ ನಂಬರೇ ಇಲ್ಲದಿದ್ದರೆ ಅಷ್ಟೂ ಹೋಯಿತು. ಕ್ರೆಡಿಟ್ ಪಡೆಯಲು ಸಾಮಾನ್ಯವಾಗಿ ಮುಂದಿನ ಹಣಕಾಸು ವರ್ಷದ ನವೆಂಬರ್ 30 ಕೊನೆಯ ದಿನ. ವರ್ಷವಿಡೀ ನಿಲ್ ಹಾಕುತ್ತಾ ಹೋಗಿ, ಆಮೇಲೆ ಡಿಸೆಂಬರಿನಲ್ಲಿ ನೆನಪಾದರೆ ಪ್ರಯೋಜನ ಇಲ್ಲ.

ಇನ್ನು ರಿವರ್ಸ್ ಚಾರ್ಜ್. ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟುವ ವ್ಯವಸ್ಥೆ ಇದು. 2024ರ ಅಕ್ಟೋಬರ್ 10ರಿಂದ ವಾಣಿಜ್ಯ ಕಟ್ಟಡದ ಬಾಡಿಗೆಯೂ ಇದಕ್ಕೆ ಸೇರಿದೆ. ನಿಮಗೆ ಮಾಮೂಲಿ ಜಿಎಸ್‌ಟಿ ನೋಂದಣಿ ಇದೆ, ಮಳಿಗೆಯ ಮಾಲೀಕರಿಗೆ ಇಲ್ಲ. ಬಾಡಿಗೆ ತಿಂಗಳಿಗೆ 25,000. ಆಗ 18% ಲೆಕ್ಕದಲ್ಲಿ ತಿಂಗಳಿಗೆ 4,500 ನೀವೇ ಕಟ್ಟಬೇಕು. ಅದೂ ನಗದು ಖಾತೆಯಿಂದ. ಲ್ಯಾಪ್‌ಟಾಪಿನ ಕ್ರೆಡಿಟ್ ಇದಕ್ಕೆ ಬಳಸಲು ಬರುವುದಿಲ್ಲ. ಕಟ್ಟಿದ ಮೇಲೆ ಆ 4,500 ಕ್ರೆಡಿಟ್ಟಾಗಿ ವಾಪಸ್ ಬರುತ್ತದೆ ನಿಜ, ಆದರೆ ಮಾರಾಟ ಶುರುವಾಗುವವರೆಗೆ ಸುಮ್ನೆ ಕೂತಿರುತ್ತದೆ. ಒಂದು ರೂಪಾಯಿ ವ್ಯಾಪಾರ ಇಲ್ಲದವರು ವರ್ಷಕ್ಕೆ 54,000 ಕೈಯಿಂದ ಹಾಕಬೇಕಾಗಿ ಬರುವುದು ಹೀಗೆ. ಗೊತ್ತಿಲ್ಲದೆ ನಿಲ್ ಹಾಕಿದವರಿಗೆ ಮುಂದೆ ತೆರಿಗೆಯ ಜೊತೆ 18% ಬಡ್ಡಿ ಬರುತ್ತದೆ. ಹೊಸ ವ್ಯವಹಾರದವರು ಬಾಡಿಗೆ ಕರಾರು ಮಾಡುವ ಮುಂಚೆ ಮಾಲೀಕರಿಗೆ ಜಿಎಸ್‌ಟಿ ಇದೆಯಾ ಅಂತ ಕೇಳಿದ್ದು ನಾನು ನೋಡಿದ್ದು ಬಹಳ ಕಡಿಮೆ. ದಯವಿಟ್ಟು ಕೇಳಿ.

ಟಿಡಿಎಸ್

ಇದನ್ನು ಬೇಗ ಮುಗಿಸಬಹುದು. ಬೇರೆಯವರಿಗೆ ದುಡ್ಡು ಕೊಡುವಾಗ ಹಿಡಿದುಕೊಳ್ಳುವ ತೆರಿಗೆ ಇದು. ನಿಮಗೆ ಆದಾಯ ಇದೆಯಾ ಅಂತ ಯಾರೂ ಕೇಳುವುದಿಲ್ಲ. ಪ್ರೊಪ್ರೈಟರಿಗೆ ಮೊದಲ ವರ್ಷ ಬಹುಮಟ್ಟಿಗೆ ಈ ತಲೆನೋವಿಲ್ಲ. ಕಂಪನಿಗೆ ಮೊದಲ ದಿನದಿಂದಲೇ ಇದೆ. 2025ರ ಏಪ್ರಿಲ್‌ನಿಂದ ವೃತ್ತಿಪರರ ಫೀ ವರ್ಷಕ್ಕೆ 50,000 ದಾಟಿದರೆ, ಬಾಡಿಗೆ ತಿಂಗಳಿಗೆ 50,000 ದಾಟಿದರೆ ಹಿಡಿಯಬೇಕು. ನಿರ್ದೇಶಕರಿಗೆ ಸಂಬಳ ಅಲ್ಲದೆ ಬೇರೆ ಫೀ ಕೊಟ್ಟರೆ ಅದಕ್ಕೆ ಕನಿಷ್ಠ ಮಿತಿಯೇ ಇಲ್ಲ. ಹಿಡಿದ ಮೇಲೆ ಮೂರು ತಿಂಗಳಿಗೊಂದು ಸ್ಟೇಟ್‌ಮೆಂಟ್. ತಡವಾದರೆ ದಿನಕ್ಕೆ 200, ಹಿಡಿದ ತೆರಿಗೆಯ ಮೊತ್ತ ಮುಟ್ಟುವವರೆಗೆ. ಏನೂ ಹಿಡಿಯದ ತ್ರೈಮಾಸಿಕಕ್ಕೆ ಸ್ಟೇಟ್‌ಮೆಂಟ್ ಬೇಕಿಲ್ಲ.

ತೆರಿಗೆಯಲ್ಲದ ಫೈಲಿಂಗ್

ಕಂಪನಿ ರಿಜಿಸ್ಟ್ರಾರ್‌ಗೆ ಹಾಕುವ ಫಾರಂಗಳು ಇವು. ಕಂಪನಿಯವರಿಗೆ ಜಾಸ್ತಿ ದುಡ್ಡು ಕರಗುವುದು ಇಲ್ಲಿ. ನೋಂದಣಿಯಾದ 180 ದಿನದೊಳಗೆ, ಬಂಡವಾಳ ಖಾತೆಗೆ ಬಂದಿದೆ ಅಂತ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ ವ್ಯವಹಾರ ಆರಂಭದ ಘೋಷಣೆ ಕೊಡಬೇಕು. ಐಎನ್‌ಸಿ-20ಎ ಅಂತ ಫಾರಂ. ತಪ್ಪಿದರೆ ಕಂಪನಿಗೆ 50,000 ದಂಡ, ಹೊಣೆಗಾರರಿಗೆ ದಿನಕ್ಕೆ 1,000ದಂತೆ 1 ಲಕ್ಷದವರೆಗೆ ದಂಡ. ವಹಿವಾಟು ಸೊನ್ನೆ ಇದ್ದರೂ ಕಂಪನಿಗೆ ಆಡಿಟ್ ಕಡ್ಡಾಯ. ಆಮೇಲೆ ವರ್ಷಕ್ಕೆ ಎರಡು ಫಾರಂ: ಲೆಕ್ಕಪತ್ರಕ್ಕೆ ಎಒಸಿ-4, ವಾರ್ಷಿಕ ವಿವರಕ್ಕೆ ಎಂಜಿಟಿ-7ಎ. ಒಂದೊಂದಕ್ಕೂ ತಡವಾದ ದಿನಕ್ಕೆ 100 ರೂಪಾಯಿ, ಗರಿಷ್ಠ ಮಿತಿ ಇಲ್ಲ. ಎರಡೂ ಒಂದು ವರ್ಷ ತಡವಾದರೆ 73,000.

ಸತತ 3 ವರ್ಷ ಹಾಕದಿದ್ದರೆ ನಿರ್ದೇಶಕರು 5 ವರ್ಷ ಅನರ್ಹರಾಗುತ್ತಾರೆ. ಇದು ಬರೀ ಕಾಗದದ ಮೇಲಿನ ಬೆದರಿಕೆ ಅಲ್ಲ. 2017ರಲ್ಲಿ ಕೇಂದ್ರ ಸರ್ಕಾರ 2 ಲಕ್ಷಕ್ಕೂ ಜಾಸ್ತಿ ಕಂಪನಿಗಳ ಹೆಸರನ್ನು ರಿಜಿಸ್ಟರಿನಿಂದ ತೆಗೆದುಹಾಕಿತು, ಲಕ್ಷಾಂತರ ನಿರ್ದೇಶಕರು ಅನರ್ಹರಾದರು. ಎಲ್‌ಎಲ್‌ಪಿಗೆ ಫಾರಂ 11 ಮೇ 30ಕ್ಕೆ, ಫಾರಂ 8 ಅಕ್ಟೋಬರ್ 30ಕ್ಕೆ. ಆಡಿಟ್ ಬೇಕಾಗುವುದು ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ಮೀರಿದಾಗ. ಸಣ್ಣದಾಗಿ ಶುರುಮಾಡುವ ಇಬ್ಬರಿಗೆ ಕಂಪನಿಗಿಂತ ಎಲ್‌ಎಲ್‌ಪಿ ಹಗುರ ಅಂತ ನಾನು ಹೇಳುವುದು ಈ ಕಾರಣಕ್ಕೆ.

ಶುರುವಾಗದೇ ನಿಂತರೆ

ಎಲ್ಲ ವ್ಯವಹಾರವೂ ಶುರುವಾಗುವುದಿಲ್ಲ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಬಾಗಿಲು ಹಾಕಿದ ಮಾತ್ರಕ್ಕೆ ನಂಬರುಗಳು ತಾವಾಗಿ ಮುಚ್ಚುವುದಿಲ್ಲ, ಒಂದೊಂದನ್ನೂ ಮುಚ್ಚಬೇಕು. ಮೊದಲು ಜಿಎಸ್‌ಟಿ. ರದ್ದತಿಗೆ ಅರ್ಜಿ ಹಾಕಿ, ಉಳಿದ ಮಾಲು ಮತ್ತು ಯಂತ್ರಗಳ ಮೇಲೆ ಪಡೆದ ಕ್ರೆಡಿಟ್ ಹಿಂದಿರುಗಿಸಿ, ರದ್ದಾದ 3 ತಿಂಗಳೊಳಗೆ ಜಿಎಸ್‌ಟಿಆರ್-10 ಅನ್ನುವ ಕೊನೆಯ ರಿಟರ್ನ್ ಹಾಕಬೇಕು. ಈ ಕೊನೆಯದನ್ನು ಮರೆಯುವವರೇ ಜಾಸ್ತಿ.

ಕಂಪನಿಯಾದರೆ ಎರಡು ದಾರಿ. ಮುಂದೆ ನೋಡೋಣ ಅನ್ನುವವರು ಕಂಪನಿ ಕಾಯ್ದೆಯ ಸೆಕ್ಷನ್ 455ರ ಅಡಿ ಸುಪ್ತ ಕಂಪನಿ ಅಂತ ಅರ್ಜಿ ಹಾಕಬಹುದು. ಆಗ ವರ್ಷದ ಕೆಲಸ ಹಗುರವಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಇನ್ನು ಬೇಡ ಅನ್ನುವವರು ಸೆಕ್ಷನ್ 248ರ ಅಡಿ ಹೆಸರು ತೆಗೆಸಬೇಕು. ಅದಕ್ಕೂ ಮುಂಚೆ ಬಾಕಿ ಇರುವ ಫಾರಂಗಳು ಹೋಗಿರಬೇಕು.

ಕೊನೆಗೆ ಬ್ಯಾಂಕ್ ಖಾತೆ. ಅದನ್ನು ಅವಸರದಲ್ಲಿ ಮುಚ್ಚಬೇಡಿ. ಎಫ್‌ಡಿ ಬಡ್ಡಿಯ ಮೇಲೆ ಬ್ಯಾಂಕ್ ಹಿಡಿದ ಟಿಡಿಎಸ್ ವಾಪಸ್ ಬರುವುದಿದ್ದರೆ, ಆ ವರ್ಷದ ರಿಟರ್ನ್ ಹಾಕಿ, ರಿಫಂಡ್ ಜಮಾ ಆದಮೇಲೆ ಮುಚ್ಚಿ. ಕಂಪನಿಯ ಹೆಸರಿನ ರಿಫಂಡ್ ಕಂಪನಿಯ ಖಾತೆಗೆ ಮಾತ್ರ ಬರುತ್ತದೆ, ನಿಮ್ಮ ಉಳಿತಾಯ ಖಾತೆಗೆ ಬರುವುದಿಲ್ಲ.